ಗಾಜಿನ ಕಪಾಟಿನ ರತಿ

ಯಲಬುರ್ಗಾ ಕಡೆಯ ಆ ಊರಿನಲ್ಲಿ ಕಸ್ತೂರೆಮ್ಮನ ಬಾಯಿಗೆ ಹೆದರದವರಿಲ್ಲ. ರೊಟ್ಟಿ ಬಡಿಯುವುದು ಅವಳ ಕೆಲಸ; ಬಡಿತಕ್ಕಿಂತ ಮಾತೇ ಜೋರು. ಮದುವೆಯಿರಲಿ, ತೊಟ್ಟಿಲಿರಲಿ, ಯಾವ ಮನೆಯಲ್ಲಿ ಪಂಕ್ತಿ ಬಿದ್ದರೂ ರೊಟ್ಟಿಗೆ ಅವಳೇ ಬೇಕು. ಹೋಳಿ ಹುಣ್ಣಿಮೆ ಬಂತೆಂದರೆ ಮಾತ್ರ ಕದ ಮುಚ್ಚಿಕೊಂಡು ಒಳಗೆ ಕೂರುತ್ತಿದ್ದಳು. ಒಲೆಯನ್ನೂ ಹಚ್ಚುತ್ತಿರಲಿಲ್ಲ.

ಕಾರಣ ಊರಿಗೆಲ್ಲ ಗೊತ್ತು; ಊರೇ ಹುಟ್ಟಿಸಿದ ಕಾರಣ ಅದು. ಹೋಳಿಯಲ್ಲಿ ಕಟ್ಟೆಯ ಮೇಲೆ ಕೂರಿಸುವ ಕಟ್ಟಿಗೆಯ ಕಾಮಣ್ಣ ಮತ್ತು ರತಿ ಅವಳ ಗಂಡ ವಿರುಪಾಕ್ಷಿಯ ಮನೆತನದ ಸುಪರ್ದಿಯಲ್ಲಿದ್ದವು. ಕಿನ್ನಾಳದ ಚಿತ್ರಗಾರರು ಯಾವ ಕಾಲದಲ್ಲೋ ಕೆತ್ತಿ ಬಣ್ಣ ಹಚ್ಚಿ ಕೊಟ್ಟ ಮೊಳದುದ್ದದ ಜೋಡಿ. ಹಬ್ಬ ಮುಗಿದಾಗ ಬೆಂಕಿಗೆ ಬೀಳುವುದು ಹುಲ್ಲಿನ ಕಾಮಣ್ಣ. ಈ ಜೋಡಿ ತಿರುಗಿ ಅವರ ಮನೆಯ ಅಟ್ಟಕ್ಕೆ ಬರುತ್ತಿತ್ತು.

ಅದೇ ಊರಿನ ಗೋವಿಂದರಾಜ ಗುತ್ತಿಗೆ ಹಿಡಿದು ಹಿಡಿದು ಕೊಪ್ಪಳದಲ್ಲಿ ಮಹಡಿ ಮನೆ ಎಬ್ಬಿಸಿದವನು. ಹಳೆಯ ತೊಟ್ಟಿಲು, ಬಾಗಿಲ ಚೌಕಟ್ಟು, ಗೊಂಬೆ ಕಂಡರೆ ಅವನಿಗೆ ಜೊಲ್ಲು ಸುರಿಯುತ್ತಿತ್ತು. ಒಂದು ಹೋಳಿ ಮುಗಿದ ಮೇಲೆ ಬಂದು, “ವಿರುಪಾಕ್ಷಣ್ಣ, ರತಿದು ಬಣ್ಣ ಹೋಗೇತಿ. ಕಿನ್ನಾಳಕ್ಕ ಒಯ್ದು ಛಲೋತ್ನಾಗೆ ಮಾಡಿಸ್ಕೊಂಡು ಬರ್ತೀನಿ,” ಎಂದ. ವಿರುಪಾಕ್ಷಿ ಕೊಟ್ಟ. ಪಕ್ಕದಲ್ಲಿ ಒಬ್ಬ ಸಾಕ್ಷಿಯಿರಲಿ ಎಂದು ಆ ಬಡಪಾಯಿಗೆ ಹೊಳೆಯಲಿಲ್ಲ.

ರತಿ ತಿರುಗಿ ಬರಲಿಲ್ಲ. ಮುಂದಿನ ವರ್ಷ ಹಿರಿಯರು ಕೇಳಿದಾಗ ಗೋವಿಂದರಾಜ ಹನುಮಪ್ಪನ ಗುಡಿಯ ದೀಪ ಮುಟ್ಟಿದ. “ತಿರುಗಿ ಇವನ ಕೈಯಾಗ ಕೊಟ್ಟೀನಿ. ಆಮ್ಯಾಲೆ ನಾ ಅದರ ಮುಖಾನೂ ನೋಡಿಲ್ಲ,” ಎಂದು ಆಣೆ ಮಾಡಿದ. ಆ ಗುಡಿಯ ಮಾಳಿಗೆ ಕಟ್ಟಿಸಿದವನೇ ಅವನು. ಅವನ ಆಣೆಯನ್ನು ಅನುಮಾನಿಸುವ ಎದೆ ಯಾರಿಗಿತ್ತು?

ವಿರುಪಾಕ್ಷಿ ‘ರತಿ ಮಾರ್ಕೊಂಡವ’ ಎನಿಸಿಕೊಂಡ. ಉಳಿದ ಕಾಮಣ್ಣನನ್ನೂ ಕಸಿದು ಬೇರೆಯವರ ಮನೆಗೆ ಕೊಟ್ಟರು. ಹೋಳಿಯಲ್ಲಿ ಕಾಮಣ್ಣ ಸತ್ತನೆಂದು ಬಾಯಿ ಬಡಿದುಕೊಳ್ಳುವವರು ಅವನ ಹೆಸರು ಹಿಡಿದು ಬಡಿದುಕೊಂಡರು. ಅವನು ಕಟ್ಟೆಗೆ ಬರುವುದನ್ನು ಬಿಟ್ಟ, ಕುರಿಗಳ ಹಿಂದೆ ಅಡವಿ ಸೇರಿದ, ಒಂದು ಬೇಸಿಗೆಯಲ್ಲಿ ಹಾಸಿಗೆ ಹಿಡಿದ. “ನೀನರ ನನ್ನ ನಂಬೀಯಿಲ್ಲ?” ಎಂದು ಹೆಂಡತಿಯನ್ನು ಕೇಳಿ ಸತ್ತ. ಗಂಡನ ಬಾಯಲ್ಲಿ ಆ ಮಾತು ಬರುವ ಹಾಗೆ ಮಾಡಿದ ಊರನ್ನು ಕಸ್ತೂರೆಮ್ಮ ಕ್ಷಮಿಸಲಿಲ್ಲ. ಯಾಕೆ ಕ್ಷಮಿಸಬೇಕು?

ಹೋದ ವರ್ಷ ಕೊಪ್ಪಳದ ಅಡುಗೆಯವರೊಬ್ಬರು ತೊಟ್ಟಿಲ ಕಾರ್ಯಕ್ಕೆಂದು ಅವಳನ್ನು ಕರೆಸಿದರು. ಮನೆ ಗೋವಿಂದರಾಜನದೆಂದು ತಿಳಿದದ್ದು ಹೊಸ್ತಿಲಲ್ಲಿ ನಿಂತಾಗ. ತಿರುಗಿ ಹೋಗಬೇಕೆನ್ನುವಷ್ಟರಲ್ಲಿ ಯಾರೋ ತಟ್ಟೆ ತರಲು ಮಹಡಿಗೆ ಅಟ್ಟಿದರು. ಅಲ್ಲಿ ಗಾಜಿನ ಕಪಾಟಿನಲ್ಲಿ ರತಿ ನಿಂತಿದ್ದಳು. ಮುರಿದ ಎಡಗೈಗೆ ಕಸ್ತೂರೆಮ್ಮನ ಅತ್ತೆ ಸುತ್ತಿದ್ದ ತಾಮ್ರದ ತಂತಿ ಹಾಗೇ ಇತ್ತು.

ಕೂಗಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ‘ನಿನ್ನ ಗಂಡ ಮಾರಿದ್ದನ್ನ ಯಾರ ಕೈಲೋ ಕೊಂಡೆ’ ಎಂದು ಅವನು ನಾಲಗೆ ಹೊರಳಿಸುತ್ತಾನೆ. ಅವನ ಸುಳ್ಳು ಒಡೆಯಬೇಕಾದರೆ ಅದು ಊರ ಮುಂದೆ, ಅವನ ಬಾಯಿಂದಲೇ ಒಡೆಯಬೇಕು. ಹುಟ್ಟಿದಂದಿನಿಂದ ಮೊದಲ ಸಲ ಕಸ್ತೂರೆಮ್ಮ ಬಾಯಿ ಮುಚ್ಚಿಕೊಂಡಳು. ಕೆಳಗಿಳಿದು ಮನೆಯಾಕೆಗೆ, “ದಿನಾ ರೊಟ್ಟಿ ಮಾಡಾಕ ಬರ್ತೀನ್ರಿ ಅವ್ವಾರ,” ಎಂದಳು.

ಅಂದಿನಿಂದ ಬೆಳಗಿನ ಬಸ್ಸಿಗೆ ಕೊಪ್ಪಳ. ಗೋವಿಂದರಾಜನಿಗೆ ಒಳಗೊಳಗೇ ಹಿಗ್ಗು: ವಿರುಪಾಕ್ಷಿಯ ಹೆಂಡತಿ ತನ್ನ ಒಲೆಯ ಮುಂದೆ ಕೂತಿದ್ದಾಳೆ, ಹೊಟ್ಟೆಯ ಮುಂದೆ ಯಾವ ಸೊಕ್ಕು! ಅಡುಗೆಮನೆ ಬಿಟ್ಟು ಅವಳು ಎಲ್ಲಿ ಹೋಗುತ್ತಾಳೆಂದು ಅವನು ನೋಡಲಿಲ್ಲ. ಗೊಂಬೆಯ ಕಥೆ ತಿಳಿಯದ ಮನೆಯಾಕೆ ಧೂಳು ಒರೆಸಲೆಂದು ಕಪಾಟಿನ ಕೀಲಿಯನ್ನೂ ಅವಳ ಕೈಗೆ ಕೊಡತೊಡಗಿದಳು.

ಹೋಳಿ ಬಂತು. ಕಾಮಣ್ಣನ ಬೆಂಕಿ ಹಚ್ಚುವ ದೊಡ್ಡಸ್ತಿಕೆ ಗೋವಿಂದರಾಜನದು. ಒಂದು ದಿನ ಮೊದಲೇ ಊರಿಗೆ ಹೊರಟ. ಮಧ್ಯಾಹ್ನ ಕಸ್ತೂರೆಮ್ಮ ರತಿಯನ್ನು ರೊಟ್ಟಿ ಬುಟ್ಟಿಯಲ್ಲಿ ಮಲಗಿಸಿ, ಬಟ್ಟೆ ಮುಚ್ಚಿ ಬಸ್ಸು ಹತ್ತಿದಳು.

ಬೆಳಕು ಹರಿಯುವಾಗ ಬೆಂಕಿ ಎದ್ದಿತು. ಆ ಬೆಂಕಿಯಿಂದ ಮನೆಯ ಒಲೆ ಹಚ್ಚುವುದು ಪದ್ಧತಿ. ಹೆಂಗಸರು ಕಿಚ್ಚು ಒಯ್ಯಲು ಸಗಣಿಯ ಕುಳ್ಳು ಹಿಡಿದು ಬಂದರು. ಕಸ್ತೂರೆಮ್ಮನೂ ಬುಟ್ಟಿ ಹೊತ್ತು ಬಂದದ್ದು ಕಂಡು ಎಲ್ಲರೂ ಹುಬ್ಬೇರಿಸಿದರು. ಅವಳು ನೇರ ಬೆಂಕಿಯ ಹತ್ತಿರ ಹೋಗಿ ಬಟ್ಟೆ ತೆಗೆದು, ರತಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು.

“ಇದು ಯಾರದ್ರಿ? ಯಾರದೂ ಅಲ್ಲಂದ್ರ ಕಾಮಣ್ಣಗ ಕೊಟ್ಟುಬಿಡ್ತೀನಿ.”

ಅವಳ ಕಣ್ಣು ಗೋವಿಂದರಾಜನ ಮೇಲಿತ್ತು. ಸುಮ್ಮನಿದ್ದರೆ ರತಿ ಬೂದಿ, ಬಾಯಿ ಬಿಟ್ಟರೆ ಆಣೆ ಬೂದಿ. ಅವನು ಒಂದು ಹೆಜ್ಜೆ ಮುಂದಿಟ್ಟು ನಿಂತ. ಅವಳು ಕೈಯನ್ನು ಬೆಂಕಿಯತ್ತ ಇಳಿಸಿದಳು. ರತಿಯ ಸೀರೆಯ ಬಣ್ಣ ಬೊಬ್ಬೆಯೇಳತೊಡಗಿತು.

“ಏ, ಬಿಡಬ್ಯಾಡ! ಅದು ನಂದು! ನಮ್ಮ ಕಪಾಟಿನಾಗಿಂದು!” ಎಂದು ಗೋವಿಂದರಾಜ ಕಿರುಚಿದ.

ಅಂದು ಆಣೆ ಕೇಳಿದ್ದ ಹಿರಿಯರಲ್ಲೊಬ್ಬನಾದ ಹನುಮಂತಪ್ಪ ನಿಧಾನವಾಗಿ ಅವನ ಕಡೆ ತಿರುಗಿದ. “ಮುಖಾನೂ ನೋಡಿಲ್ಲಂತ ದೀಪ ಮುಟ್ಟಿದ್ಯಲ್ಲೋ, ಗೋವಿಂದ?”

ಯಾರೋ ಅವನತ್ತ ಉಗುಳಿದರು. ಹನುಮಂತಪ್ಪ ಕಸ್ತೂರೆಮ್ಮನ ಮುಂದೆ ಕೈಮುಗಿದ. “ತಪ್ಪಾತವ್ವ. ವಿರುಪಾಕ್ಷಿ ಖರೇ ಮನಷ್ಯಾ ಇದ್ದ. ರತಿನ ಕೊಡು, ಕಾಮಣ್ಣನ ಜೋಡಿ ಕೂಡ್ರಸೋಣು. ಇನ್ನ ಮ್ಯಾಲೆ ಎರಡೂ ನಿಮ್ಮ ಮನ್ಯಾಗ ಇರಲಿ.”

ವರ್ಷಗಟ್ಟಲೆ ಅವಳು ಕಾದದ್ದು ಇದೇ ಮಾತಿಗೆ. ಈಗ ಕೇಳಿದರೂ ಹೊಟ್ಟೆಯೊಳಗಿನ ಉರಿ ಎಳ್ಳಷ್ಟೂ ತಣ್ಣಗಾಗಲಿಲ್ಲ.

“ಅವಾ ಇದ್ದಾಗ ಈ ಮಾತು ಎಲ್ಲಿ ಹೋಗಿತ್ತು, ಕಾಕಾ?” ಎಂದಳು. “ಕಳ್ಳಗಷ್ಟ ಅಲ್ಲ, ಅವನ ಆಣಿ ನಂಬಿದವರಿಗೂ ರತಿ ಇಲ್ಲ.”

ಕೈ ಬಿಟ್ಟಳು. ಹಗುರಾದ ಹಳೆಯ ಕಟ್ಟಿಗೆ ಭಗ್ಗೆಂದು ಹೊತ್ತಿಕೊಂಡಿತು. ಗೋವಿಂದರಾಜ ಚೀರಿದ, ಹೆಂಗಸರು ಬಾಯಿಗೆ ಸೆರಗು ಹಿಡಿದರು. ಕಸ್ತೂರೆಮ್ಮ ಬುಟ್ಟಿಯಿಂದ ಒಂದು ಕುಳ್ಳು ತೆಗೆದು, ರತಿ ಉರಿಯುತ್ತಿದ್ದ ಕಡೆಗೇ ಹಿಡಿದು ಕಿಚ್ಚು ಹಚ್ಚಿಕೊಂಡಳು. ಮನೆಗೆ ಹೋಗಿ ಅದರಿಂದಲೇ ಒಲೆ ಹೊತ್ತಿಸಿ, ಗಂಡನ ಹೆಸರಿನಲ್ಲಿ ಹೋಳಿಗೆ ಮಾಡಿ, ಕದ ತೆರೆದಿಟ್ಟುಕೊಂಡು ಒಬ್ಬಳೇ ಹೊಟ್ಟೆ ತುಂಬ ಉಂಡಳು.