ಹಾರ್ನ್ ಹೊಡೆದರೆ ಸುಗ್ಗಿ ನಿಲ್ಲುವ ಊರು

ವಿಮಾನ ನಿಲ್ದಾಣದಿಂದ ನನ್ನನ್ನು ಕರೆದೊಯ್ಯಲು ಬಂದ ಪಿಕಪ್ ಗಾಡಿಯ ಮೂತಿಯಿಂದ ಒಂದು ಕರೆಂಟಿನ ಪ್ಲಗ್ ನೇತಾಡುತ್ತಿತ್ತು. ವರ್ಷಾನುಗಟ್ಟಲೆ ಡೀಸೆಲ್ ಎಂಜಿನ್ ಬಿಚ್ಚಿ ಜೋಡಿಸಿದವನು ನಾನು. ಡೀಸೆಲ್ ಗಾಡಿಗೆ ಪ್ಲಗ್ ಯಾಕೆ ಎಂದು ಕೇಳಿದರೆ ಬಂದ ದಿನವೇ ಮರ್ಯಾದೆ ಹೋಗುತ್ತದೆಂದು ಸುಮ್ಮನೆ ಹತ್ತಿ ಕೂತೆ. ಆಮೇಲೆ ಗೊತ್ತಾಯಿತು, ಚಳಿಗಾಲದಲ್ಲಿ ಇಲ್ಲಿ ರಾತ್ರಿಯೆಲ್ಲ ಎಂಜಿನ್ನಿಗೆ ಕರೆಂಟು ಕೊಟ್ಟು ಬೆಚ್ಚಗಿಡಬೇಕು. ಇಲ್ಲದಿದ್ದರೆ ಎಣ್ಣೆ ಬೆಲ್ಲದ ಪಾಕದಂತೆ ಗಟ್ಟಿಯಾಗಿ, ಬೆಳಗ್ಗೆ ಗಾಡಿ ಏಳುವುದಿಲ್ಲ. ನಮ್ಮಜ್ಜ ದನಕ್ಕೆ ಹುಲ್ಲು ಹಾಕಿ ಮಲಗುತ್ತಿದ್ದ, ಇಲ್ಲಿಯವರು ಗಾಡಿಗೆ ಪ್ಲಗ್ ಹಾಕಿ ಮಲಗುತ್ತಾರೆ.

ದಾರಿ ಗೆರೆ ಎಳೆದಂತೆ ನೆಟ್ಟಗಿತ್ತು. ಎರಡೂ ಕಡೆ ಕೊಯ್ದ ಹೊಲ, ಗುಡ್ಡವಿಲ್ಲ, ಮರವಿಲ್ಲ. ಗಾಡಿ ಓಡಿಸುತ್ತಿದ್ದವನು ಡೇಲ್, ನಾನು ಕೆಲಸಕ್ಕೆ ಸೇರಲಿದ್ದ ಟ್ರ್ಯಾಕ್ಟರ್ ವರ್ಕ್‌ಶಾಪಿನ ಮೆಕ್ಯಾನಿಕ್ಕು. ಸಿಟಿ ಇನ್ನೆಷ್ಟು ದೂರ ಎಂದು ಕೇಳಿದೆ. ಅವನು ಹಿಂದಿನ ಕನ್ನಡಿ ತೋರಿಸಿ, ಅರ್ಧ ಸಿಟಿ ಆಗಲೇ ದಾಟಿ ಬಂದೆವಲ್ಲ ಎಂದ. ತಿರುಗಿ ನೋಡಿದರೆ ಒಂದು ಪೆಟ್ರೋಲ್ ಬಂಕು, ಒಂದು ಚರ್ಚು, ನಾಲ್ಕು ಬೀದಿ. ಈ ಸೀಮೆಯಲ್ಲಿ ಕೆಲವು ಸಾವಿರ ಜನ ಸೇರಿದರೆ ಊರಿಗೆ ನಗರ ಎಂಬ ಪಟ್ಟ ಸಿಗುತ್ತದೆ. ಆ ಲೆಕ್ಕ ಹಿಡಿದರೆ ಜೆ.ಪಿ. ನಗರದ ಒಂದೊಂದು ದೊಡ್ಡ ಅಪಾರ್ಟ್‌ಮೆಂಟಿಗೂ ಒಬ್ಬೊಬ್ಬ ಮೇಯರ್ ಬೇಕು.

ನಾನು ಪುಟ್ಟೇನಹಳ್ಳಿಯವನು. ಕೆರೆ ನೋಡುವ ಬಾಲ್ಕನಿಯ ಪುಟ್ಟೇನಹಳ್ಳಿಯವನಲ್ಲ, ಕೆರೆಯ ಕೆಳಗೆ ರಾಗಿ ಬೆಳೆದವರ ಮೊಮ್ಮಗ. ಹೊಲ ಲೇಔಟ್ ಆಗಿ, ಲೇಔಟ್ ಸೈಟಾಗಿ, ಉಳಿದ ಸೈಟಿನಲ್ಲಿ ಅಪ್ಪ ಮೂರು ಅಂತಸ್ತು ಕಟ್ಟಿ ಬಾಡಿಗೆಗೆ ಕೊಟ್ಟಿದ್ದಾರೆ. ನಾನು ವಸಂತಪುರದಲ್ಲಿ ಜೆಸಿಬಿ ರಿಪೇರಿಯ ಶೆಡ್ ಇಟ್ಟುಕೊಂಡಿದ್ದೆ. ಕನಕಪುರ ರಸ್ತೆಯ ಉದ್ದಕ್ಕೂ ನೆಲ ಅಗೆಯುವವರೆಗೆ ನನಗೆ ಕೈತುಂಬ ಕೆಲಸ. ಅಗೆಯಲು ನೆಲವೇ ಉಳಿಯದಿದ್ದಾಗ ಜೆಸಿಬಿಗಳೂ ಬೇರೆ ಕಡೆ ಹೋದವು, ಶೆಡ್ಡಿನ ಜಾಗವೂ ಮಾರಾಟವಾಯಿತು. ಬಾಡಿಗೆ ಬರುತ್ತಲ್ಲ, ಸುಮ್ಮನೆ ಮನೆಯಲ್ಲಿರು ಎಂದರು ಅಪ್ಪ. ಸುಮ್ಮನಿರುವ ಕೆಲಸ ನನಗೆ ಒಗ್ಗಲಿಲ್ಲ. ಹೊರದೇಶದ ಇಂಥ ಬೇಸಾಯದ ಊರುಗಳಲ್ಲಿ ಯಂತ್ರ ರಿಪೇರಿ ಮಾಡುವವರಿಗೆ ಬೇಡಿಕೆಯಿದೆ ಎಂದು ಗೊತ್ತಾಗಿ ಅರ್ಜಿ ಹಾಕಿದೆ, ಕರೆದರು, ಬಂದೆ.

ಹೆಂಡತಿ ಶೋಭಾ ಕತ್ರಿಗುಪ್ಪೆಯವಳು, ತರಕಾರಿ ಅಂಗಡಿಯವರ ಮಗಳು. ನಮಗೆ ಮಕ್ಕಳಿಲ್ಲ, ಆದ್ದರಿಂದ ಶಾಲೆ, ಪರೀಕ್ಷೆ ಎಂಬ ನೆಪಗಳೂ ಇರಲಿಲ್ಲ. ನಾನು ಬಂದು ಕೆಲವು ವಾರಕ್ಕೆ ಅವಳೂ ಬಂದಳು, ಆದರೆ ಒಂದು ಷರತ್ತಿನ ಮೇಲೆ.

"ಒಂದು ವರ್ಷ ನೋಡ್ತೀನಿ ರೀ. ಮುಂದಿನ ಸುಗ್ಗಿ ಮುಗಿಯೋ ಹೊತ್ಗೆ ಹೇಳ್ತೀನಿ, ಇರೋದೋ ವಾಪಸ್ ಹೋಗೋದೋ ಅಂತ. ನಾನ್ ಹೇಳಿದ್ದೇ ಆಗ್ಬೇಕು."

ಆಗಲಿ ಎಂದೆ. ಹೆಂಡತಿಗೆ ಇಷ್ಟು ಸ್ವಾತಂತ್ರ್ಯ ಕೊಡುವ ಗಂಡ ನಮ್ಮ ವಂಶದಲ್ಲೇ ಇರಲಿಲ್ಲ ಎಂದು ಒಳಗೊಳಗೇ ಹೆಮ್ಮೆಯೂ ಆಯಿತು.

ಮನೆ ಸಿಕ್ಕಿದ್ದು ನೆಲದ ಕೆಳಗೆ. ಇಲ್ಲಿ ಇದನ್ನು ಬೇಸ್‌ಮೆಂಟ್ ಎನ್ನುತ್ತಾರೆ. ನಮ್ಮಲ್ಲಿ ಬೇಸ್‌ಮೆಂಟಿನಲ್ಲಿ ಕಾರು ನಿಲ್ಲಿಸುತ್ತೇವೆ, ಇಲ್ಲಿ ಮನುಷ್ಯರಿರುತ್ತಾರೆ. ಮೇಲಿನ ಮನೆಯಲ್ಲಿ ಓನರ್ ವಾಲ್ಟರ್, ವಯಸ್ಸಾದ ರೈತ. ಹೆಂಡತಿ ತೀರಿಕೊಂಡ ಮೇಲೆ ಹೊಲದ ಮನೆ ಬಿಟ್ಟು ಪೇಟೆಗೆ ಬಂದಿದ್ದ. ಊರಾಚೆ ಅವನ ಹೊಲ ಇನ್ನೂ ಇತ್ತು, ಸ್ವಂತ ಬೇಸಾಯವೂ ಇತ್ತು. ನಮ್ಮಪ್ಪ ಬಾಡಿಗೆಗೆ ಬರುವ ಹುಬ್ಬಳ್ಳಿ, ಗದಗಿನ ಹುಡುಗರನ್ನು ನಿಲ್ಲಿಸಿಕೊಂಡು ವೆಜ್ಜಾ ನಾನ್‌ವೆಜ್ಜಾ, ನೆಂಟರು ಎಷ್ಟು ದಿನ ಇರುತ್ತಾರೆ ಎಂದೆಲ್ಲ ವಿಚಾರಣೆ ಮಾಡುತ್ತಾರೆ. ವಾಲ್ಟರ್ ಕೇಳಿದ್ದು ಒಂದೇ, ಬಾಗಿಲಿನ ಮುಂದಿನ ಹಿಮ ನೀನು ಎತ್ತುತ್ತೀಯಾ ಎಂದು. ಎತ್ತುತ್ತೇನೆ ಎಂದೆ. ಹಿಮ ಎಂದರೆ ಏನೆಂದು ಆಗಿನ್ನೂ ಗೊತ್ತಿರಲಿಲ್ಲ. ಅಪ್ಪ ಫೋನಿನಲ್ಲಿ ನಿನ್ನ ಓನರ್ ಹೇಗೆ ಎಂದು ಕೇಳಿದಾಗ, ನಿಮಗಿಂತ ವಾಸಿ ಎಂದೆ. ಅವರಿಗೆ ನಗು ಬರಲಿಲ್ಲ.

ಹಿಮ ಎತ್ತಿ ಸುಸ್ತಾದ ಭಾನುವಾರಗಳಲ್ಲಿ ವಾಲ್ಟರ್ ಕಾಫಿಗೆ ಕರೆದು ಊರಿನ ಚರಿತ್ರೆ ಹೇಳುತ್ತಿದ್ದ. ಈ ಊರನ್ನು ಹುಟ್ಟಿಸಿದ್ದು ರೈಲು. ಕುದುರೆಗಾಡಿಯಲ್ಲಿ ಗೋಧಿ ತಂದು ಹಾಕಿ, ಕತ್ತಲಾಗುವುದರೊಳಗೆ ಮನೆ ಸೇರುವಷ್ಟು ದೂರಕ್ಕೆ ಒಂದೊಂದು ಊರು ಎಂದು ನಕ್ಷೆಯ ಮೇಲೆ ಚುಕ್ಕೆಯಿಟ್ಟರಂತೆ. ಹಾಗೆ ಇಟ್ಟ ಎಷ್ಟೋ ಚುಕ್ಕೆಗಳು ಅಳಿಸಿಹೋಗಿ, ಉಳಿದವುಗಳಲ್ಲಿ ಒಂದು ನಗರವಾಯಿತು. ಮುಖ್ಯ ಬೀದಿ ವಿಪರೀತ ಅಗಲ, ಜೋಡಿ ಕುದುರೆಗಳ ಬಂಡಿ ಒಂದೇ ಸುತ್ತಿಗೆ ತಿರುಗಲಿ ಎಂದು. ಹಳಿಯ ಪಕ್ಕ ಒಂದು ಎತ್ತರದ ಮರದ ಕಟ್ಟಡವಿದೆ, ಅದಕ್ಕೆ ಎಲಿವೇಟರ್ ಎನ್ನುತ್ತಾರೆ. ನಾವು ಹತ್ತಿ ಇಳಿಯುವ ಲಿಫ್ಟ್ ಅಲ್ಲ, ಧಾನ್ಯವನ್ನು ಮೇಲೆತ್ತಿ ತುಂಬುವ ಕಣಜ. ಇಂಥವು ಹಿಂದೆ ಸಾಲಾಗಿ ಇದ್ದವಂತೆ, ಈಗ ಉಳಿದಿರುವುದು ಇದೊಂದೇ.

ವಾಲ್ಟರನ ಅಜ್ಜ ಉಕ್ರೇನಿನಿಂದ ಬಂದವನು. ಇಲ್ಲಿ ಮರವಿರಲಿಲ್ಲ, ಕಲ್ಲಿರಲಿಲ್ಲ. ಹುಲ್ಲು ಬೇರುಸಮೇತ ಇದ್ದ ಮಣ್ಣಿನ ಹೆಂಟೆಗಳನ್ನೇ ಇಟ್ಟಿಗೆಯಂತೆ ಪೇರಿಸಿ ಮನೆ ಮಾಡಿಕೊಂಡನಂತೆ. ಮಳೆ ನಿಂತ ಮೇಲೂ ಮನೆಯೊಳಗೆ ಎರಡು ದಿನ ಸೋರುತ್ತಿತ್ತು ಎಂದು ವಾಲ್ಟರ್ ನಗುತ್ತಿದ್ದ. ಕೊನೆಗೆ ಒಂದು ಮಾತು ತಪ್ಪದೆ ಬರುತ್ತಿತ್ತು, ಆಗ ಇಲ್ಲಿ ಏನೂ ಇರಲಿಲ್ಲ.

ಅದನ್ನೊಮ್ಮೆ ಡೇಲ್‌ಗೆ ಹೇಳಿದೆ. ಡೇಲ್ ಇಲ್ಲಿಯ ಮೂಲನಿವಾಸಿಗಳಾದ ಕ್ರೀ ಜನದವನು. ಅವನು ಸ್ಪ್ಯಾನರ್ ಒರೆಸುತ್ತ, ನಮ್ಮಜ್ಜಿಯ ಕಡೆಯವರು ಇದ್ದರು ಎಂದ, ಅಷ್ಟೇ. ನನಗೆ ಅಪ್ಪನ ನೆನಪಾಯಿತು. ಪುಟ್ಟೇನಹಳ್ಳಿಗೆ ಹೊಸದಾಗಿ ಬಂದವರು, ನಾವು ಬಂದಾಗ ಇಲ್ಲಿ ಏನೂ ಇರಲಿಲ್ಲ ಅಂಕಲ್ ಎಂದಾಗಲೆಲ್ಲ ಅಪ್ಪ ಸಿಡುಕುತ್ತಿದ್ದರು: "ಏನೂ ಇರ್ಲಿಲ್ವಾ? ಹಂಗಾದ್ರೆ ನಾವೇನ್ ಗಾಳೀಲಿದ್ವಾ?" ಪ್ರಪಂಚದ ಎಲ್ಲ ಲೇಔಟುಗಳ ಚರಿತ್ರೆಯೂ ಒಂದೇ ಸಾಲಿನಿಂದ ಶುರುವಾಗುತ್ತದೆ ಎಂದು ಅವತ್ತು ಅನ್ನಿಸಿತು. ಅವತ್ತಿನಿಂದ ವಾಲ್ಟರ್ ಆ ಮಾತು ಹೇಳಿದಾಗ ತಲೆಯಾಡಿಸುವುದನ್ನು ಬಿಟ್ಟೆ.

ಇಲ್ಲಿಯವರ ಸ್ವಭಾವ ನನಗೆ ಬೇಗ ಅರ್ಥವಾಯಿತು, ಯಾಕೆಂದರೆ ಅದು ನಮ್ಮಜ್ಜನ ಸ್ವಭಾವವೇ. ಬೆಳೆ ಬಂಪರ್ ಬಂದರೂ "ಪರವಾಗಿಲ್ಲ" ಎನ್ನುತ್ತಾರೆ. ನಮ್ಮಲ್ಲಿ ದೃಷ್ಟಿಯಾಗುತ್ತದೆಂದು ಹೇಳುವುದಿಲ್ಲ, ಇಲ್ಲಿ ಆಲಿಕಲ್ಲು ಕೇಳಿಸಿಕೊಳ್ಳುತ್ತದೆಂದು ಹೇಳುವುದಿಲ್ಲ. ಎದುರಿಗೆ ಗಾಡಿ ಬಂದರೆ ಗುರುತಿರಲಿ ಬಿಡಲಿ, ಸ್ಟೀರಿಂಗ್ ಮೇಲಿಂದ ಒಂದು ಬೆರಳು ಎತ್ತುತ್ತಾರೆ. ಬನಶಂಕರಿ ಬಸ್‌ಸ್ಟ್ಯಾಂಡಿನ ಎದುರು ಗಾಡಿಯಲ್ಲಿ ಬೆರಳೆತ್ತಿದರೆ ಜಗಳ, ಇಲ್ಲಿ ಅದು ನಮಸ್ಕಾರ. ನಾನೂ ಎತ್ತಲು ಕಲಿತೆ.

ಶೋಭಾಳ ಚಳಿಗಾಲ ಮಾತ್ರ ಕಷ್ಟದಲ್ಲಿ ಹೋಯಿತು. ನಾನು ಕೆಲಸಕ್ಕೆ ಹೋದರೆ ಅವಳಿಗೆ ಮಾತಾಡಲು ಜನವಿಲ್ಲ. ಕಿಟಕಿ ಇದ್ದದ್ದು ತಲೆಯ ಮೇಲೆ, ಅದರಲ್ಲಿ ಕಾಣುತ್ತಿದ್ದದ್ದು ಹಿಮ, ಆಗೊಮ್ಮೆ ಈಗೊಮ್ಮೆ ವಾಲ್ಟರನ ಬೂಟು. ಈ ಸುತ್ತಿನ ಹೊಲಗಳಲ್ಲಿ ಗೋಧಿಯ ಜೊತೆ ಸಾಸಿವೆಯನ್ನೂ ಮಸೂರು ಬೇಳೆಯನ್ನೂ ಬೆಳೆಯುತ್ತಾರೆ, ತಿನ್ನುವವರಿಲ್ಲ, ಎಲ್ಲ ಹಡಗು ಹತ್ತುತ್ತದೆ. ಅವಳು ಸಾರಿಗೆ ಒಗ್ಗರಣೆ ಕೊಟ್ಟ ಮೊದಲ ದಿನವೇ ಚಾವಣಿಯ ಹೊಗೆ ಅಲಾರಂ ಬಡಿದುಕೊಂಡು, ವಾಲ್ಟರ್ ಚಪ್ಪಲಿಯಿಲ್ಲದೆ ಓಡಿ ಇಳಿದ. "ಸಾಸಿವೆ ಬೆಳೆಯೋ ಊರಲ್ಲಿ ಸಾಸಿವೆ ಸಿಡಿಸೋ ಹಂಗಿಲ್ಲ, ಇದ್ಯಾವ ಸೀಮೆ ರೀ" ಎಂದಳು. ಒಂದೆರಡು ಸಲ ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೂ ನನಗೆ ಗೊತ್ತು. ಕೇಳಲು ಹೋಗಲಿಲ್ಲ. ಸುಗ್ಗಿಯವರೆಗೆ ಕಾಯುವುದು ಎಂದು ಮಾತಾಗಿತ್ತಲ್ಲ.

ಬೇಸಿಗೆ ಬಂತು, ಹೋಯಿತು. ಗೋಧಿ ಬಂಗಾರದ ಬಣ್ಣಕ್ಕೆ ತಿರುಗಿದ ವಾರವೇ ವಾಲ್ಟರನಿಗೆ ಎದೆನೋವು ಬಂದು ದೂರದ ದೊಡ್ಡಾಸ್ಪತ್ರೆಗೆ ಸೇರಿಸಬೇಕಾಯಿತು. ಆಪರೇಷನ್ ಎಂದರು. ಹೊಲದಲ್ಲಿ ಬೆಳೆ ನಿಂತಿದೆ, ಮಳೆಯೋ ಹಿಮವೋ ಬಿದ್ದರೆ ವರ್ಷವೇ ಹೋದಂತೆ. ಆಗ ಕಂಡೆ ಈ ಊರಿನ ಒಂದು ಪದ್ಧತಿ. ಯಾರೂ ಸಭೆ ಕರೆಯಲಿಲ್ಲ. ಒಂದು ಬೆಳಗ್ಗೆ ಅಕ್ಕಪಕ್ಕದ ರೈತರು ತಮ್ಮ ಹೊಲದ ಕೆಲಸ ನಿಲ್ಲಿಸಿ, ಕಂಬೈನ್ ಎಂಬ ಮನೆಯಷ್ಟೆತ್ತರದ ಕೊಯ್ಲು ಯಂತ್ರಗಳನ್ನು ವಾಲ್ಟರನ ಹೊಲಕ್ಕೆ ತಂದು ನಿಲ್ಲಿಸಿದರು. ಯಂತ್ರ ಕೆಟ್ಟರೆ ನೋಡಿಕೊಳ್ಳಲು ಡೇಲ್ ಮತ್ತು ನಾನು ಹೋದೆವು. ಶೋಭಾ ಚಿತ್ರಾನ್ನದ ಪಾತ್ರೆ ಹಿಡಿದುಕೊಂಡು ಜೊತೆಗೆ ಬಂದಳು. ಸಾಲಾಗಿ ನಿಂತ ಯಂತ್ರಗಳನ್ನು ನೋಡಿ, ಇದು ಮುಯ್ಯಾಳು ಅಲ್ವಾ ಎಂದಳು. ನಮ್ಮ ಹಳ್ಳಿಗಳಲ್ಲಿ ಕೂಲಿಯಿಲ್ಲದೆ ಒಬ್ಬರ ಹೊಲಕ್ಕೆ ಒಬ್ಬರು ಹೋಗಿ ದುಡಿದು ಮುಯ್ಯಿ ತೀರಿಸುವ ಪದ್ಧತಿ. ಹೊಲಗಳ ಜೊತೆಗೆ ಅದೂ ಹೋಯಿತು, ನಾವಿಬ್ಬರೂ ಅದನ್ನು ಕೇಳಿ ಬಲ್ಲೆವೇ ಹೊರತು ಕಂಡಿರಲಿಲ್ಲ.

ಕೆಲಸ ಶುರುವಾದ ಮೇಲೆ ಒಂದು ತೊಡಕು ಬಂತು. ಕಾಳು ಸಾಗಿಸಲು ವಾಲ್ಟರನ ಹಳೆಯ ಲಾರಿ ಬೇಕು. ಅದು ಕೈಯಲ್ಲಿ ಗೇರು ಹಾಕುವ ಗಾಡಿ, ಇಲ್ಲಿ ಹೆಚ್ಚಿನವರಿಗೆ ಗೇರಿಲ್ಲದ ಆಟೋಮ್ಯಾಟಿಕ್ ಗಾಡಿಯೇ ಅಭ್ಯಾಸ, ಇದನ್ನು ಓಡಿಸುತ್ತಿದ್ದವನು ವಾಲ್ಟರ್ ಒಬ್ಬನೇ. ಗೇರು ಬಲ್ಲ ಉಳಿದವರೆಲ್ಲ ಯಂತ್ರಗಳ ಮೇಲಿದ್ದರು, ಡೇಲ್ ಮತ್ತು ನಾನು ಒಂದು ಕಂಬೈನಿನ ಹೊಟ್ಟೆಯ ಕೆಳಗಿದ್ದೆವು. ಶೋಭಾ ನನ್ನನ್ನು ಕೇಳಲಿಲ್ಲ. ಸೀದಾ ಹೋಗಿ, ನಾನು ಓಡಿಸುತ್ತೇನೆ ಎಂದಳು. ಕತ್ರಿಗುಪ್ಪೆಯ ಅಂಗಡಿಗೆ ಮಾರ್ಕೆಟ್ಟಿನಿಂದ ಟೆಂಪೋದಲ್ಲಿ ತರಕಾರಿ ಹೊಡೆದುಕೊಂಡು ಬರುತ್ತಿದ್ದವಳು ಅವಳು. ಇಲ್ಲಿ ಸ್ಟೀರಿಂಗ್ ಎಡಕ್ಕಿದ್ದು ಗೇರು ಬಲಗೈಗೆ ಬಂದಿದೆ ಎಂದು ಒಂದೆರಡು ಸಲ ಕರಕರ ಅನ್ನಿಸಿದಳು, ಆಮೇಲೆ ಲಾರಿ ಹಸುವಿನಂತೆ ಹೊರಟಿತು.

ಇಲ್ಲಿಯ ಕೆಲಸದ ರೀತಿ ಹೀಗೆ: ಕಂಬೈನ್ ನಿಲ್ಲುವುದಿಲ್ಲ. ಅದು ಕೊಯ್ಯುತ್ತ ಹೋಗುತ್ತಿರುವಾಗಲೇ ಲಾರಿ ಪಕ್ಕಕ್ಕೆ ಬಂದು, ಅದೇ ವೇಗದಲ್ಲಿ ಒಂದು ಮಾರು ದೂರದಲ್ಲಿ ಓಡಬೇಕು, ಮೇಲಿನ ಕೊಳವೆಯಿಂದ ಕಾಳು ಲಾರಿಗೆ ಸುರಿಯುತ್ತದೆ. ಬೆಂಗಳೂರಿನಲ್ಲಿ ಎರಡು ಬಸ್ಸಿನ ನಡುವೆ ನುಗ್ಗಿ ಬಲ್ಲವಳಿಗೆ ಇದೇನು ಮಹಾ! ಶೋಭಾ ಹಿಂದಿನಿಂದ ಬಂದಳು. ಪಕ್ಕಕ್ಕೆ ಬರುವಾಗ, ನಮ್ಮೂರಿನ ಯಾರೇ ಆದರೂ ಮಾಡುವಂತೆ, ಹಾರ್ನ್ ಹೊಡೆದಳು. ಆ ಲಾರಿಯ ಹಾರ್ನ್ ರೈಲಿನದರಂತಿತ್ತು. ನಿಲ್ಲಿಸಿ ನಿಲ್ಲಿಸಿ ಮೂರು ಸಲ ಹೊಡೆದಳು.

ಹೊಲದಲ್ಲಿದ್ದ ಕಂಬೈನುಗಳೆಲ್ಲ ಒಟ್ಟಿಗೆ ನಿಂತವು. ಜನ ಕ್ಯಾಬಿನ್ನಿನಿಂದ ಧುಮುಕಿ ಓಡಿದರು, ಡೇಲ್ ಬೆಂಕಿ ಆರಿಸುವ ಸಿಲಿಂಡರ್ ಹೊತ್ತು ಓಡಿದ, ನಾನೂ ಓಡಿದೆ. ಇಲ್ಲಿ ಹೊಲದಲ್ಲಿ ಹಾರ್ನ್ ಕೇಳಿದರೆ ಎರಡೇ ಅರ್ಥ. ಬೆಳೆಗೆ ಬೆಂಕಿ ಬಿದ್ದಿದೆ, ಇಲ್ಲವೇ ಮನುಷ್ಯ ಯಂತ್ರಕ್ಕೆ ಸಿಕ್ಕಿದ್ದಾನೆ. ಶೋಭಾ ಕಿಟಕಿಯಿಂದ ತಲೆ ಹೊರಗೆ ಹಾಕಿ ನನ್ನನ್ನು ಕೇಳಿದಳು.

"ಬರ್ತಾ ಇದೀನಿ ಅಂತ ಹೇಳ್ದೆ ಅಷ್ಟೇ ರೀ. ಇವ್ರೆಲ್ಲ ಯಾಕೆ ನಿಂತ್ಬಿಟ್ರು?"

ನಮ್ಮಲ್ಲಿ ಹಾರ್ನ್ ಎಂದರೆ 'ನಾನಿದ್ದೇನೆ' ಎಂದಷ್ಟೇ, ಎಂದು ನಾನು ನೆರೆದವರಿಗೆ ಬಿಡಿಸಿ ಹೇಳಿದೆ. ಅವರು ಉಸಿರು ಎಳೆದುಕೊಳ್ಳುತ್ತ ಒಬ್ಬರ ಮುಖ ಒಬ್ಬರು ನೋಡಿದರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಆಗ ಒಬ್ಬ ಮುದಿ ರೈತ ಕೂಳೆಯ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಂತೆ ನಗತೊಡಗಿದ. ಉಳಿದವರೂ ಸೇರಿಕೊಂಡರು. ಶೋಭಾಳೂ ನಕ್ಕಳು. ಆ ವರ್ಷದಲ್ಲಿ ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಕರೆಯಲು ನೀನೇ ಹಾರ್ನ್ ಹೊಡೆಯಬೇಕು ಎಂದರು, ಹೊಡೆದಳು. ಸಂಜೆಯೊಳಗೆ ಹೊಲ ಬೋಳಾಯಿತು.

ಆಪರೇಷನ್ ಚೆನ್ನಾಗಿ ಆಯಿತು. ವಾಲ್ಟರ್ ಮನೆಗೆ ಬರುವ ಮೊದಲೇ ಸುದ್ದಿ ಆಸ್ಪತ್ರೆ ಮುಟ್ಟಿತ್ತು. ಬೆಳಗಿನ ಕಾಫಿಗೆ ಸೇರುವ ಮುದುಕರ ಮೇಜಿನಲ್ಲಿ ಅದೇ ಕತೆ, ಹೇಳಿದಷ್ಟೂ ಹಾರ್ನ್ ಉದ್ದವಾಗುತ್ತಿತ್ತು. ಅಂಗಡಿಗೆ ಹೋದರೆ ಶೋಭಾಳನ್ನು ಹೆಸರು ಹಿಡಿದು ಮಾತಾಡಿಸುತ್ತಿದ್ದರು, ನಾನು ಅವಳ ಗಂಡ. ಸಣ್ಣ ಊರಿನಲ್ಲಿ ಇಸವಿ ಯಾರಿಗೂ ನೆನಪಿರುವುದಿಲ್ಲ. ಆಲಿಕಲ್ಲು ಬಿದ್ದ ವರ್ಷ, ಸೇತುವೆ ಕೊಚ್ಚಿಹೋದ ವರ್ಷ ಎಂದೇ ಲೆಕ್ಕ. ಅದಕ್ಕೀಗ ಶೋಭಾ ಸುಗ್ಗಿ ನಿಲ್ಲಿಸಿದ ವರ್ಷ ಸೇರಿಕೊಂಡಿತು. ಊರಿನ ಚರಿತ್ರೆಯನ್ನೆಲ್ಲ ಕೇಳಿ ಕಲಿತವನು ನಾನು, ಅದರೊಳಗೆ ಹೋಗಿ ಕೂತವಳು ಅವಳು.

ಕೆಲವು ದಿನ ಕಳೆದು, ಸಂಜೆ ನಾನು ಕೆಲಸದಿಂದ ಬಂದಾಗ ಅವಳು ಅವರೇಕಾಳಿಲ್ಲದ ಉಪ್ಪಿಟ್ಟು ಕೆದಕುತ್ತಿದ್ದಳು. ನನ್ನ ಕಡೆ ತಿರುಗದೆ ಹೇಳಿದಳು.

"ಬಿತ್ತನೆಗೂ ಲಾರಿ ನೀನೇ ಓಡಿಸ್ಬೇಕು ಅಂದ್ರು ವಾಲ್ಟರ್. ಬರ್ತೀನಿ ಅಂದೆ. ಇಲ್ಲೇ ಇರೋಣ ರೀ."

ಸರಿ ಎಂದೆ. ಖುಷಿಯಾಯಿತು ಎಂದೂ ಸೇರಿಸಿದೆ. ಕೈತೊಳೆಯುವ ನೆಪದಲ್ಲಿ ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ನನಗೆ ಅಳು ಬಂದಿತ್ತು. ಅವಳು ಬೇಡ ಅಂದೇ ಅನ್ನುತ್ತಾಳೆ ಎಂದು ನಾನು ವರ್ಷವಿಡೀ ನಂಬಿಕೊಂಡಿದ್ದೆ. ವಸಂತಪುರದಲ್ಲಿ ಯಾವ ಗಲ್ಲಿಯಲ್ಲಿ ಶೆಡ್ ಸಿಗಬಹುದು, ಬೋರ್ಡಿಗೆ ಯಾವ ಬಣ್ಣ ಹೊಡೆಸಬೇಕು ಎಂದು ಮನಸ್ಸಿನಲ್ಲೇ ತೀರ್ಮಾನಿಸಿಯೂ ಆಗಿತ್ತು. ಹೆಂಡತಿಗಾಗಿ ವಾಪಸ್ ಬಂದೆ ಎಂದು ಎಲ್ಲರಿಗೂ ಹೇಳಬಹುದಿತ್ತು. ಅವಳಿಗೆ ಸ್ವಾತಂತ್ರ್ಯ ಕೊಟ್ಟೆ ಎಂದುಕೊಂಡಿದ್ದೆನಲ್ಲ, ನಿಜಕ್ಕೂ ನನ್ನ ಮನಸ್ಸಿನ ಮಾತನ್ನು ಅವಳ ಬಾಯಿಂದ ಹೇಳಿಸಲು ಕಾದಿದ್ದೆ.

ಮರುದಿನ ಅಪ್ಪ ಫೋನ್ ಮಾಡಿದರು. ನಾನು ಊರಾಚೆ ಒಂದು ಹೊಲದಂಚಿನಲ್ಲಿ ಗಾಡಿ ನಿಲ್ಲಿಸಿಕೊಂಡಿದ್ದೆ. ಶೋಭಾಳ ಒಂದು ವರ್ಷದ ಷರತ್ತು ಅವರಿಗೂ ಗೊತ್ತಿತ್ತು, ಏನಂದಳು ಎಂದು ಕೇಳಿದರು. ಅವಳಿಗೆ ಊರು ಹಿಡಿಸಿದೆ, ಇಲ್ಲೇ ಇರೋಣ ಅಂದಳು ಎಂದೆ. ಅವರ ಹಿಂದೆ ಯಾರೋ ಸ್ಕೂಟರಿನವನು ಹಾರ್ನ್ ಹೊಡೆಯುತ್ತಲೇ ಇದ್ದ.

"ಅವ್ಳಿಗೆ ಸರಿ ಮಗಾ. ನಿಂಗೆ?"

ಸಿಗ್ನಲ್ ಸರಿಯಿಲ್ಲಪ್ಪ, ಕೇಳಿಸ್ತಿಲ್ಲ, ಆಮೇಲೆ ಮಾಡ್ತೀನಿ ಎಂದು ಫೋನ್ ಇಟ್ಟೆ. ನಾನು ನಿಂತಿದ್ದ ಜಾಗದಿಂದ ನಾಲ್ಕು ದಿಕ್ಕಿಗೂ ನೆಲ ಆಕಾಶ ಮುಟ್ಟುವವರೆಗೆ ಕಾಣುತ್ತಿತ್ತು, ಸಿಗ್ನಲ್ಲಿಗೆ ಅಡ್ಡ ಬರಲು ಒಂದು ಗಿಡವೂ ಇರಲಿಲ್ಲ.