ಸಿಹಿನೀರಿನ ಉಪಚಾರ

ಆ ಬೆಳಗ್ಗೆಯೂ ಮತ್ತಿಗಿರಿಯ ನಮ್ಮ ಮನೆಯಲ್ಲಿ ಎಂದಿನಂತೆ ಹಾಲು ಉಕ್ಕಿತು, ಯಜಮಾನರು ಫ್ಯಾಕ್ಟರಿ ಬಸ್ಸಿಗೆ ಓಡಿದರು, ಮರೆತ ಊಟದ ಡಬ್ಬಿ ಹಿಡಿದು ನಾನು ಅವರ ಹಿಂದೆ ಓಡಿದೆ. ಎಂಬತ್ತರ ದಶಕದ ಮಾತಿದು. ಹೊಸದೆಂದರೆ, ಮನೆಯಲ್ಲಿ ಅತಿಥಿಗಳಿದ್ದರು. ಅಗಲ ಬಾಯಿಯ ಗಾಜಿನ ಬಾಟಲಿಯಲ್ಲಿ, ಒಂದು ಕಲ್ಲಿಗೆ ಅಂಟಿಕೊಂಡು.

ಹಿಂದಿನ ದಿನವಷ್ಟೇ ಕಡಲೂರಿನ ಅಕ್ಕನ ಮನೆಯಿಂದ ಬಂದಿದ್ದೆವು. ನಮ್ಮ ಪಿನಾಕಿನಿ ಸಮುದ್ರ ಸೇರುವುದು ಅಲ್ಲೇ. ಅಳಿವೆಯ ಬಂಡೆಗಳಲ್ಲೂ ಕೇರಿಗಳಿವೆ, ನೋಡಿ. ಬಿಸಿಲಿಗೆ ಜಗ್ಗದ ಬಟಾಣಿಗಾತ್ರದ ಬಸವನಹುಳುಗಳು ಮೇಲೆ. ನೀರು ಬಂದು ಹೋಗುವ ನಡುವಿನಲ್ಲಿ ಸುಣ್ಣದ ಹನಿಯಂಥ ಚಿಪ್ಪುಹುಳುಗಳು. ಸದಾ ತೇವದ ಬುಡದಲ್ಲಿ ಸಿಂಪಿಗಳು. ಹೊಳೆಯ ಕಡೆಗೆ ನಡೆದಷ್ಟೂ ಸಂಸಾರಗಳು ಕಡಿಮೆ. “ನಿಮ್ಮೂರ್ ನೀರು ಜಾಸ್ತಿ ಬಂತು ಅಂದ್ರೆ ಇವೆಲ್ಲ ಬಾಗ್ಲಾಕ್ಕೊತವಮ್ಮ” ಎಂದು ಭಾವ ನಕ್ಕಿದ್ದರು. ತಮಾಷೆಯೆಂದುಕೊಂಡೆ. ಹುಳುಗಳು ಅಂಟಿದ್ದ ಒಂದು ಕಲ್ಲನ್ನು ಅಲ್ಲಿನ ನೀರಿನ ಸಮೇತ ಬಾಟಲಿಗೆ ಹಾಕಿಕೊಂಡು ಬಂದಿದ್ದೆವು.

ಅಂದು ಮಧ್ಯಾಹ್ನ ಮಗಳು ವಿಮಲಳ ಶಾಲೆಯಲ್ಲಿ ವಸ್ತುಪ್ರದರ್ಶನ. ಸಮುದ್ರದ ಹುಳು ನಡೆಯುವುದನ್ನು ತೋರಿಸುತ್ತೇನೆಂದು ಇಡೀ ಐದನೇ ಕ್ಲಾಸಿಗೆ ಮಾತು ಕೊಟ್ಟಿದ್ದಳು. ಬಾಟಲಿಯ ನೀರೋ, ನಾರುತ್ತಿತ್ತು. ಚಿಕ್ಕಂದಿನಲ್ಲಿ ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದ ಶುಚಿತ್ವ ಸುಮ್ಮನಿರಲು ಬಿಟ್ಟೀತೆ? ನಮ್ಮಲ್ಲಿ ಬೋರಿನ ಸವುಳು ನೀರು ಪಾತ್ರೆ ತೊಳೆಯಲು, ದೂರದ ಬಾವಿಯಿಂದ ಹೊತ್ತು ತಂದ ಸಿಹಿನೀರು ಅತಿಥಿಗೆ. ನಾರುವ ನೀರು ಸುರಿದು, ತಾಮ್ರದ ಕೊಡವನ್ನೇ ಬಗ್ಗಿಸಿ ಬಾಟಲಿ ತುಂಬಿದೆ.

ಅತಿಥಿಗಳು ಒಬ್ಬೊಬ್ಬರಾಗಿ ಒಳಸೇರಿ ಕದ ಮುಚ್ಚಿಕೊಂಡರು.

“ಅಮ್ಮಾ, ಏನ್ ಮಾಡ್ಬುಟ್ಟೆ? ಒಂದೂ ಅಲ್ಲಾಡ್ತಿಲ್ಲ! ಎಲ್ರೂ ನನ್ನ ಸುಳ್ಳಿ ಅಂತಾರೆ!”

ಭಾವನ ಮಾತು ಆಗ ತಲೆಗೆ ಹತ್ತಿತು. ನೀರು ಚೆಲ್ಲಿ, ಹೊಸ ನೀರಿಗೆ ಕಲ್ಲುಪ್ಪು ಕರಗಿಸಿದೆ. ಅಳತೆ? ನಾಲಿಗೆಯೇ. ಒಂದೇ ಚಮಚ ಹಿಡಿದು ತಾಯಿ ಮಗಳು ಸರದಿಯಲ್ಲಿ ನೆಕ್ಕಿದೆವು.

“ಇಷ್ಟಿತ್ತಾ?”

“ಇನ್ನೂ ಸ್ವಲ್ಪ. ಅಲೆ ಬಾಯಿಗೆ ಬಿದ್ದಾಗ ಥೂ ಅಂತ ಉಗಿದ್ನಲ್ಲ, ಅಷ್ಟು.”

ಇಬ್ಬರೂ ಒಟ್ಟಿಗೆ ಉಗಿಯುವಷ್ಟಾದಾಗ ಕಲ್ಲನ್ನು ಇಳಿಬಿಟ್ಟೆವು. ಅಡುಗೆ ಮರೆತು ಬಾಟಲಿಗೆ ಮೂಗೊತ್ತಿ ಕೂತೆವು. ಹನ್ನೊಂದರ ಹೊತ್ತಿಗೆ ಒಂದು ಬಸವನಹುಳು ಕದ ಸರಿಸಿ, ಎರಡು ಕೂದಲೆಳೆಯಂಥ ಕೊಂಬು ಚಾಚಿ, ಗಾಜಿನ ಮೇಲೆ ಹೊರಟಿತು. ಚಿಪ್ಪುಹುಳುಗಳು ಮಾತ್ರ ನನ್ನ ಮೇಲಿನ ಮುನಿಸು ಬಿಡಲಿಲ್ಲ. ಆದರೇನು, ಶಾಲೆಯಲ್ಲಿ ಆ ಒಂದೇ ಹುಳು ಮೂರು ಸುತ್ತು ನಡೆದು ವಿಮಲಳ ಮಾನ ಕಾಯಿತು.

ಸಂಜೆ ಜಗಲಿಯಲ್ಲಿ, ನಾನು ಮದುವೆಯಾಗಿ ಬಂದ ದಿನದಿಂದ ನನ್ನನ್ನು ಬಲ್ಲ ಪಕ್ಕದ ಮನೆಯ ಪಾಪಮ್ಮಕ್ಕ ಅವರೆಕಾಯಿ ಸುಲಿಯುತ್ತ ಎಲ್ಲ ಕೇಳಿಸಿಕೊಂಡರು.

“ಓಹೋ, ಉಪ್ಪಿಲ್ದಿದ್ರೆ ಬಾಯೇ ಬಿಡಲ್ವಾ? ಹೊಸ್ದಾಗಿ ಬಂದಾಗ ನೀನು ಸಾರಿಗೆ ಉಪ್ಪಾಕೋದೇ ಮರೀತಿದ್ದೆ ಕಣಮ್ಮಣ್ಣಿ. ನಿಮ್ಮತ್ತೆ ತಿಂಗ್ಳುಗಟ್ಲೆ ನಿನ್ನತ್ರ ಯಾಕೆ ಮಾತಾಡ್ನಿಲ್ಲ ಅಂತ ಈಗ ಗೊತ್ತಾಯ್ತು ಬುಡು.”