ಎರಡನೇ ದಿನದ ಗುಳ್ಳೆ

ನಮ್ಮಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ. ನೀರು ಸರಬರಾಜು ಕಚೇರಿಯ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ಅವಳದೇ ದರ್ಬಾರು. ನಾನು ಅದೇ ಕಚೇರಿಯ ಜೀಪಿನ ಡ್ರೈವರ್. ನಲ್ಲಿ ನಲ್ಲಿಗೂ ಹೋಗಿ ಬಾಟಲಿಯಲ್ಲಿ ನೀರು ಹಿಡಿದು ತಂದು ಅವಳ ಮುಂದಿಟ್ಟು ಬೈಸಿಕೊಳ್ಳುವವನು. ಮುಚ್ಚಳದ ಒಳಬದಿಗೆ ಬೆರಳು ತಾಗಿತೆಂದು ಒಪ್ಪಿಕೊಂಡ ತಪ್ಪಿಗೆ, ಒಮ್ಮೆ ಹೋಗಿ ಬಂದಷ್ಟೂ ದೂರ ಮತ್ತೆ ಓಡಿಸಿ ಬೇರೆ ನೀರು ತರಿಸಿದ್ದಾಳೆ. ಆಮೇಲಿಂದ ಒಪ್ಪಿಕೊಳ್ಳುವುದನ್ನಲ್ಲ, ಬೆರಳು ತಾಗಿಸುವುದನ್ನೇ ಬಿಟ್ಟೆ.

ಅವಳ ಜೀವವೆಲ್ಲ ಗಾಜಿನ ಟ್ಯೂಬುಗಳ ಮೇಲೆ. ಒಂದೊಂದರಲ್ಲೂ ಬ್ಯಾಕ್ಟೀರಿಯಾಕ್ಕೆ ಆಹಾರವಾಗುವ ನೇರಳೆ ರಸ, ಅದರೊಳಗೆ ಬೋರಲು ಹಾಕಿದ ಪುಟ್ಟ ಟ್ಯೂಬು. ನೀರು ಬೆರೆಸಿ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟರೆ, ಕೊಳಕು ನೀರಿನ ಬ್ಯಾಕ್ಟೀರಿಯಾ ರಸ ತಿಂದು ಗಾಳಿ ಬಿಡುತ್ತದೆ. ಪುಟ್ಟ ಟ್ಯೂಬಿನ ನೆತ್ತಿಯಲ್ಲಿ ಗುಳ್ಳೆ ಕೂರುತ್ತದೆ. ಎರಡು ದಿನ ಕಾಯಬೇಕು. ಕಾಯುವುದರಲ್ಲಿ ಅಕ್ಕನದು ಎತ್ತಿದ ಕೈ.

ಹೋದ ವರ್ಷ ಸಾಹೇಬರು ಹೊಸ ಪುಡಿ ತರಿಸಿದರು. ನೀರಿಗೆ ಹಾಕಿ ಬೆಚ್ಚಗಿಟ್ಟರೆ, ಕೊಳಕು ನೀರು ಮರುದಿನವೇ ಹಳದಿಯಾಗುತ್ತದೆ. ಮಲದ ಬ್ಯಾಕ್ಟೀರಿಯಾ ಇದ್ದರೆ ಅದಕ್ಕೆಂದೇ ಇರುವ ದೀಪದಡಿ ನೀಲಿಯಾಗಿ ಹೊಳೆಯುತ್ತದೆ. ಮೂವತ್ತು ಬಾಟಲಿ ನೀರನ್ನು ಎರಡೂ ವಿಧಾನದಲ್ಲಿ ನೋಡಿ ಒಂದನ್ನು ಉಳಿಸಿಕೊಳ್ಳೋಣ ಎಂದರು. ಟ್ಯೂಬು ಸೋತರೆ ಅದರ ಕೋಣೆಗೆ ಬೀಗ. ಅಕ್ಕ ಒಂದು ವಾರ ಮುಖ ಊದಿಸಿಕೊಂಡು ಓಡಾಡಿದಳು. ಕೊನೆಗೆ, ಟ್ಯೂಬು ಹೇಳುವ ತನಕ ಬರೀ ಪುಡಿಯನ್ನು ನಂಬಿ ಯಾವ ನಲ್ಲಿಯನ್ನೂ ಮುಚ್ಚಿಸಬಾರದೆಂದು ಹಟ ಹಿಡಿದು, ಸಾಹೇಬರಿಂದ ಬರೆಸಿಕೊಂಡಳು.

ಹದಿನೆಂಟು ಬಾಟಲಿಯವರೆಗೆ ಏನೂ ತಕರಾರಿಲ್ಲ, ಎಲ್ಲವೂ ಶುದ್ಧ. ಹತ್ತೊಂಬತ್ತನೆಯದು ಶಿಶುವಿಹಾರದ ತೊಟ್ಟಿಯ ನೀರು. ಮರುದಿನ ಬೆಳಿಗ್ಗೆ ಪುಡಿಯ ಬಾಟಲಿ ಹಳದಿಯಾಗಿ, ದೀಪದಡಿ ನೀಲಿ ಹೊಳೆಯಿತು. ಅದೇ ನೀರು ಹಾಕಿದ್ದ ಹದಿನೈದು ಟ್ಯೂಬಿನಲ್ಲಿ ಒಂದು ಗುಳ್ಳೆಯೂ ಇಲ್ಲ. ಅಕ್ಕ ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

"ನಾಳೆವರೆಗೆ ಕಾಯ್ಬೇಕಲ್ವಾ ಅಕ್ಕ, ನೀನೇ ಬರೆಸ್ಕೊಂಡಿದ್ದು" ಎಂದು ರೇಗಿಸಿದೆ.

ಅವಳು ನಗಲಿಲ್ಲ. ಫೋನ್ ಎತ್ತಿ ಶಿಶುವಿಹಾರದ ಟೀಚರಿಗೆ, ಆ ನೀರನ್ನು ಯಾವ ಮಗುವಿಗೂ ಕೊಡಬೇಡಿ, ಈಗಲೇ ನಲ್ಲಿ ಮುಚ್ಚಿ ಎಂದಳು. ಆಮೇಲೆ ನೆಟ್ಟಗೆ ಸಾಹೇಬರ ಕೋಣೆಗೆ ಹೋಗಿ, ತನ್ನ ಷರತ್ತನ್ನು ತಾನೇ ಮುರಿದೆನೆಂದು ಒಪ್ಪಿಕೊಂಡಳು. ಸಾಹೇಬರು ಕೂಡಲೇ ತೊಟ್ಟಿ ತೊಳೆಯಲು ಆಳು ಕಳಿಸಿದರು. ಬಾಗಿಲಲ್ಲಿ ನಿಂತಿದ್ದ ನನಗೆ ಅಕ್ಕನ ಬಗ್ಗೆ ಬಹಳ ಹೆಮ್ಮೆಯಾಯಿತು.

ಮರುದಿನ ನೋಡಿದರೆ ಆರು ಟ್ಯೂಬಿನಲ್ಲಿ ಗುಳ್ಳೆ. ನನಗೆ ಖುಷಿ ತಡೆಯಲಾಗಲಿಲ್ಲ. ನಿನ್ನ ಟ್ಯೂಬೂ ಸುಳ್ಳು ಹೇಳಲಿಲ್ಲವಲ್ಲ ಎಂದೆ.

"ಅದು ಯಾವತ್ತೂ ಸುಳ್ಳು ಹೇಳಲ್ಲ ಕಣೋ. ತಡವಾಗಿ ಹೇಳತ್ತೆ, ಅಷ್ಟೆ" ಎಂದಳು.

ಉಳಿದ ಹನ್ನೊಂದು ಬಾಟಲಿಗಳನ್ನೂ ಅಷ್ಟೇ ಶ್ರದ್ಧೆಯಿಂದ ಮುಗಿಸಿದಳು. ನನಗೂ ಎಂದಿನಂತೆ ಬೈದಳು. ವರದಿಯಲ್ಲಿ, ಯಾವುದನ್ನು ಉಳಿಸಿಕೊಳ್ಳಬೇಕು ಎಂಬಲ್ಲಿ, ಪುಡಿಯ ಮುಂದೆ ಗುರುತು ಹಾಕಿದಳು. ಕಾರಣ ಬರೆಯಲು ಅರ್ಧ ಪುಟ ಬಿಟ್ಟಿದ್ದರು. ಅವಳು ಬರೆದದ್ದು ಒಂದೇ ಸಾಲು: ಮಕ್ಕಳು ಆ ನೀರು ಕುಡಿಯುವುದು ಒಂದು ದಿನ ಮೊದಲೇ ನಿಂತಿತು.